ವಾಕ್ಯವೂ ಬಲವೂ: ಕಾಯ್ ಮುಂಕರ ನಾಟಕಗಳನ್ನು ಕೃಷ್ಣಾತೀರದಲ್ಲಿ ಓದುವಾಗ

ಕೆಲವು ಲೂಥರನ್ ಸಭೆಗಳು ಆಗಸ್ಟ್ 14ರಂದು ಇಬ್ಬರು ರಕ್ತಸಾಕ್ಷಿಗಳನ್ನು ಒಟ್ಟಿಗೆ ಸ್ಮರಿಸುತ್ತವೆ. ಒಬ್ಬರು, ಔಶ್ವಿಟ್ಜ್ ಶಿಬಿರದಲ್ಲಿ ಇನ್ನೊಬ್ಬ ಬಂದಿಯ ಬದಲಿಗೆ ತಾವೇ ಸಾವನ್ನು ಒಪ್ಪಿಕೊಂಡ ಪೋಲೆಂಡಿನ ಮ್ಯಾಕ್ಸಿಮಿಲಿಯನ್ ಕೋಲ್ಬೆ. ಮತ್ತೊಬ್ಬರು, ಡೆನ್ಮಾರ್ಕಿನ ಹಳ್ಳಿಯೊಂದರ ಸಭಾಪಾಲಕರೂ ನಾಟಕಕಾರರೂ ಆಗಿದ್ದ ಕಾಯ್ ಮುಂಕ್. 1944ರ ಜನವರಿ 4ರ ರಾತ್ರಿ ನಾಜಿಗಳು ಅವರನ್ನು ಮನೆಯಿಂದ ಎಳೆದೊಯ್ದು ಸಿಲ್ಕೆಬೋರ್ಗ್ ಸಮೀಪದ ರಸ್ತೆಯ ಬದಿಯಲ್ಲಿ ಗುಂಡಿಕ್ಕಿ ಕೊಂದರು. ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಭಾನುವಾರದ ಪ್ರಸಂಗಕ್ಕೆ ಒಂದು ಒಳ್ಳೆಯ ಉದಾಹರಣೆ ದೊರೆಯುತ್ತದೆ. ಆದರೆ ವಿಮರ್ಶೆಗೆ ಅಷ್ಟು ಸಾಲದು. ಏಕೆಂದರೆ ಅದೇ ಮುಂಕರು ಹತ್ತು ವರ್ಷಗಳ ಹಿಂದೆ ಮುಸೊಲಿನಿಯನ್ನೂ ಹಿಟ್ಲರನನ್ನೂ ಮೆಚ್ಚಿ ಬರೆದವರು. ಸಂಸದೀಯ ಪ್ರಜಾಪ್ರಭುತ್ವವನ್ನು ಹೀಯಾಳಿಸಿದವರು. ರಕ್ತಸಾಕ್ಷಿಯ ಕೈಗೂ ಸರ್ವಾಧಿಕಾರಿಯನ್ನು ಹೊಗಳಿದ ಕೈಗೂ ಲೇಖನಿ ಒಂದೇ ಆಗಿತ್ತು. ಈ ಬದುಕನ್ನು ನಾವು ಹೇಗೆ ಓದಬೇಕು?

ಈ ಪ್ರಶ್ನೆಯನ್ನು ನಾವು ದೂರದ ದೇಶದ ಸಾಹಿತ್ಯಚರಿತ್ರೆಯ ಕುತೂಹಲಕ್ಕಾಗಿ ಎತ್ತುತ್ತಿಲ್ಲ. ಡೆನ್ಮಾರ್ಕ್ ಭಾರತದ ಸಭೆಗೆ ಅಪರಿಚಿತವೂ ಅಲ್ಲ. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಝೀಗೆನ್‌ಬಾಲ್ಗರನ್ನು ಕಳುಹಿಸಿದವನು ಡೇನಿಷ್ ಅರಸನೇ. ಆದರೆ ನಮ್ಮ ಕಾರಣ ಇನ್ನೂ ಹತ್ತಿರದ್ದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸೇವೆ ಮಾಡುವ ಬೋಧಕರು ಚಿಕ್ಕ ಸಭೆಗಳ ಪಾಲಕರು. ಚಿಕ್ಕ ಸಭೆಗೆ ಬಲಶಾಲಿಯ ಆಸರೆ ಬೇಕೆನಿಸುವುದು ಸಹಜ. ಬಲಶಾಲಿಯ ಹಾಗೆ ಮಾತನಾಡುವ ದೇವರು ಬೇಕೆನಿಸುವುದೂ ಸಹಜ. ಆ ಆಸೆಯನ್ನು ಒಳಗಿನಿಂದ ಬಲ್ಲ, ಅದಕ್ಕೆ ಸೋತ, ಕೊನೆಗೆ ಅದನ್ನು ಪ್ರಾಣ ಕೊಟ್ಟು ಬಿಟ್ಟ ಲೇಖಕರಾಗಿ ಮುಂಕರು ನಮಗೆ ಮುಖ್ಯರು. ಅವರ ಅತ್ಯುತ್ತಮ ನಾಟಕವು ಅವರಿಗಿಂತ ಮೊದಲೇ ಸತ್ಯವನ್ನು ಕಂಡಿತ್ತು, ನಾಟಕಕಾರರು ತಮ್ಮ ನಾಟಕವನ್ನು ಹಿಂದಿನಿಂದ ಹೋಗಿ ಕೂಡಿಕೊಂಡರು ಎಂಬುದು ಈ ಲೇಖನದಲ್ಲಿ ನಾವು ಹೇಳಬಯಸುವ ಮಾತು.

ಮುಂಕರು ಹುಟ್ಟಿದ್ದು 1898ರ ಜನವರಿ 13ರಂದು, ಲೋಲಂಡ್ ದ್ವೀಪದ ಮಾರಿಬೊ ಎಂಬ ಪಟ್ಟಣದಲ್ಲಿ. ಎಳವೆಯಲ್ಲಿಯೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಗುವನ್ನು ಮುಂಕ್ ಎಂಬ ರೈತ ದಂಪತಿಗಳು ಸಾಕಿಕೊಂಡರು. ಹೆಸರು ಬಂದದ್ದು ಅವರಿಂದ. ಕೋಪನ್‌ಹೇಗನ್ನಿನಲ್ಲಿ ದೈವಶಾಸ್ತ್ರವನ್ನು ಓದಿ, 1924ರಲ್ಲಿ ಪಶ್ಚಿಮ ಜಟ್‌ಲೆಂಡಿನ ವೇದರ್ಸೋ ಎಂಬ ಬಡ ಗ್ರಾಮಸಭೆಗೆ ಪಾಲಕರಾಗಿ ಹೋದರು. ರಾಜಧಾನಿಯ ರಂಗಮಂದಿರಗಳಲ್ಲಿ ಹೆಸರಾದ ಮೇಲೂ ಅವರು ಆ ಹಳ್ಳಿಯನ್ನು ಬಿಡಲಿಲ್ಲ. ಸಾಯುವತನಕ ಅಲ್ಲಿಯ ಪಾಲಕರಾಗಿಯೇ ಉಳಿದರು. ಪಾಲಕರೊಬ್ಬರು ನಾಟಕ ಬರೆಯುವುದು ಅಂದಿನ ಭಕ್ತರಲ್ಲಿ ಅನೇಕರಿಗೆ ಹಿಡಿಸುವ ಸಂಗತಿಯಾಗಿರಲಿಲ್ಲ. ‘ಒಳನಾಡ ಮಿಷನ್’ ಎಂದು ಕರೆಯಬಹುದಾದ ಅಲ್ಲಿಯ ಪಶ್ಚಾತ್ತಾಪಪರ ಚಳವಳಿಯವರಿಗೆ ನೃತ್ಯ, ಇಸ್ಪೀಟು, ರಂಗಭೂಮಿ ಮೂರೂ ಒಂದೇ ಸಾಲಿನ ಪಾಪಗಳು. ಗುಳೇದಗುಡ್ಡದಲ್ಲಿ ಕೇಂದ್ರವನ್ನು ಸ್ಥಾಪಿಸಿದ ಬಾಸೆಲ್ ಮಿಷನ್ನಿನ ಮೂಲಕ ನಮ್ಮ ಕಡೆಗೂ ಬಂದ ಭಕ್ತಿಪಂಥದ ಶಿಸ್ತು ಇದಕ್ಕೆ ದೂರದ್ದಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಬೆಳಗಿನವರೆಗೆ ಕುಳಿತು ನೋಡುವ ಸೀಮೆಯಲ್ಲಿ ವಿಶ್ವಾಸಿಗಳನ್ನು ಆಟದ ಕಟ್ಟೆಯಿಂದ ದೂರವಿಡಲು ಹಿರಿಯರು ಪಟ್ಟ ಶ್ರಮವನ್ನು ಬಲ್ಲವರಿಗೆ ಮುಂಕರ ಇಕ್ಕಟ್ಟು ಹೊಸದೆನಿಸದು.

ಅವರ ನಾಟಕಗಳ ಮೊದಲ ಸಾಲು ಬಲಶಾಲಿಗಳದ್ದು. 1928ರಲ್ಲಿ ರಾಜಧಾನಿಯ ರಂಗವೇರಿ ಸೋತ ‘ಒಬ್ಬ ಆದರ್ಶವಾದಿ’ಯ ನಾಯಕ ಹೆರೋದ. ಸಿಂಹಾಸನವೊಂದನ್ನೇ ತನ್ನ ದೇವರನ್ನಾಗಿ ಮಾಡಿಕೊಂಡು, ಅದಕ್ಕಾಗಿ ಹೆಂಡತಿಮಕ್ಕಳನ್ನೂ ಬಲಿಕೊಡುವ ಅರಸನಿಗೆ ಅವರು ‘ಆದರ್ಶವಾದಿ’ ಎಂಬ ಹೆಸರನ್ನು ಕೊಟ್ಟರು. ವ್ಯಂಗ್ಯವಿದೆ, ನಿಜ, ಆದರೆ ವ್ಯಂಗ್ಯದ ಕೆಳಗೆ ಮೆಚ್ಚುಗೆಯೂ ಇದೆ. 1931ರ ‘ಕ್ಯಾಂಟ್’ ನಾಟಕದಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿ ತನ್ನ ಆಸೆಗಳಿಗೆಲ್ಲ ಧರ್ಮದ ನುಡಿಯನ್ನು ಹೊದಿಸುತ್ತಾನೆ. 1933ರ ‘ಆಯ್ದವರು’ ನಾಟಕದಲ್ಲಿ ದಾವೀದನು ಪಾಪಿಯಾಗಿಯೂ ಆಯ್ಕೆಗೊಂಡವನಾಗಿಯೂ ನಿಲ್ಲುತ್ತಾನೆ. ಮೂವರೂ ಅರಸರು, ಮೂವರ ಇಚ್ಛಾಶಕ್ತಿಯೂ ಸಾಮಾನ್ಯರ ಅಳತೆಯನ್ನು ಮೀರಿದ್ದು. ದೇವರ ವಿರುದ್ಧ ನಿಂತರೂ ಸರಿ, ಮನುಷ್ಯ ದೊಡ್ಡದಾಗಿ ನಿಲ್ಲಬೇಕು ಎಂಬ ಭಾವ ಈ ನಾಟಕಗಳ ಉಸಿರು.

ಮುಧೋಳದ ಓದುಗರಿಗೆ ಇಲ್ಲಿ ರನ್ನ ನೆನಪಾಗದಿರನು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಮುದುವೊಳಲ ಕವಿ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಸಾಹಸಭೀಮ ವಿಜಯ’ವನ್ನು ಕಟ್ಟಿದನು. ಗೆದ್ದವನನ್ನು ಹೊಗಳುವುದು ಅವನು ಹೊತ್ತ ಋಣ. ಆದರೆ ಕಾವ್ಯ ನಡೆದಂತೆ ನಮ್ಮ ಮನಸ್ಸು ಸೋಲುವುದು ಬಿದ್ದ ದುರ್ಯೋಧನನಿಗೆ. ರಣರಂಗದಲ್ಲಿ ಹೆಣಗಳ ನಡುವೆ ಒಬ್ಬನೇ ನಡೆಯುವ, ಗೆಳೆಯನಿಗಾಗಿ ಅಳುವ ಆ ಛಲದಂಕಮಲ್ಲನ ಎದುರಿನಲ್ಲಿ ಗೆದ್ದ ಭೀಮನೇ ಚಿಕ್ಕವನಾಗಿ ಕಾಣುತ್ತಾನೆ. ಹೊಗಳಲು ಹೊರಟ ಕವಿಯ ಕೈಯಿಂದ ಕಾವ್ಯವು ಬೇರೆ ಸತ್ಯವನ್ನು ಬರೆಸಿಕೊಂಡಿತು. ರನ್ನನಿಗೂ ಮುಂಕರಿಗೂ ಸಾವಿರ ವರ್ಷಗಳ ಅಂತರವಿದೆ, ಧರ್ಮದ ಅಂತರವಿದೆ. ಹೋಲಿಕೆಯನ್ನು ಎಳೆದಾಡುವುದು ಬೇಡ. ಕವಿಗೆ ಬಲದ ಮೇಲಿರುವ ಮೋಹವೇ ಬೇರೆ, ಕೃತಿಯು ಬಲದ ಬಗ್ಗೆ ಆಡುವ ಮಾತೇ ಬೇರೆ ಎಂಬ ಪಾಠವನ್ನು ಮಾತ್ರ ನಾವು ನಮ್ಮ ನೆಲದಿಂದ ತೆಗೆದುಕೊಂಡು ಮುಂಕರ ಕಡೆಗೆ ತಿರುಗೋಣ.

ಆ ಪಾಠಕ್ಕೆ ದೊಡ್ಡ ಸಾಕ್ಷಿ ‘ವಾಕ್ಯ’. ಯೋಹಾನನ ಸುವಾರ್ತೆಯ ಮೊದಲ ಮಾತಿನಿಂದ ಹೆಸರನ್ನು ಪಡೆದ ಈ ನಾಟಕವನ್ನು ಮುಂಕರು 1925ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ ಬರೆದರು. ಅದು ರಂಗಕ್ಕೆ ಬಂದದ್ದು 1932ರಲ್ಲಿ. ಕಾರ್ಲ್ ಡ್ರೇಯರ್ ಅದನ್ನು 1955ರಲ್ಲಿ ಚಲನಚಿತ್ರವಾಗಿಸಿದರು. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಚಿನ್ನದ ಸಿಂಹ ಪ್ರಶಸ್ತಿ ದೊರೆಯಿತು.

ಕಥೆ ಎರಡು ಮನೆಗಳದ್ದು. ಹಿರಿಯ ಬೋರ್ಗೆನ್ ಸ್ಥಿತಿವಂತ ರೈತ. ಗ್ರುಂಟ್‌ವಿಗ್ ಕಲಿಸಿದ ಹರ್ಷದ, ಹಾಡಿನ, ನಾಡು-ನುಡಿಗಳ ಕ್ರೈಸ್ತತನ ಅವನದು. ದರ್ಜಿ ಪೀಟರ್ ಬಡವ. ಮನೆಯಲ್ಲಿಯೇ ಪ್ರಾರ್ಥನಾ ಕೂಟ ನಡೆಸುವ ಒಳನಾಡ ಮಿಷನ್ನಿನವನು. ಪಾಪದ ಅರಿವು, ಪಶ್ಚಾತ್ತಾಪ, ಲೋಕದಿಂದ ದೂರ ಇರುವುದು ಅವನ ಧರ್ಮ. ರೈತನ ಕಿರಿಯ ಮಗ ಆಂಡರ್ಸ್ ದರ್ಜಿಯ ಮಗಳು ಆನೆಯನ್ನು ಪ್ರೀತಿಸುತ್ತಾನೆ. ಇಬ್ಬರೂ ತಂದೆಯಂದಿರು ಒಂದೇ ಕ್ರಿಸ್ತನನ್ನು ನಂಬಿದವರು. ಆದರೂ ಸಂಬಂಧ ಬೆಳೆಸಲು ಒಲ್ಲರು. ಹಿರಿಯ ಮಗ ಮಿಕೆಲನಿಗೆ ನಂಬಿಕೆಯೇ ಇಲ್ಲ. ನಡುವಣ ಮಗ ಯೋಹಾನಸ್ ಬುದ್ಧಿಭ್ರಮೆಯಾಗಿ ತಾನೇ ಕ್ರಿಸ್ತನೆಂದು ತಿಳಿದಿದ್ದಾನೆ. ಇವರೆಲ್ಲರನ್ನೂ ಪ್ರೀತಿಯಿಂದ ಹಿಡಿದಿಟ್ಟವಳು ಮಿಕೆಲನ ಹೆಂಡತಿ ಇಂಗರ್. ಅವಳು ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ, ಕೂಸೂ ಉಳಿಯುವುದಿಲ್ಲ. ಊರಿನ ಹೊಸ ಪಾಲಕನಿಗೆ ಅದ್ಭುತಗಳು ಹಳೆಯ ಕಾಲದ ಸಂಗತಿ; ವೈದ್ಯನಿಗೆ ವಿಜ್ಞಾನವೇ ಅದ್ಭುತ. ಕೊನೆಯಲ್ಲಿ ಯೋಹಾನಸ್ ಯೇಸುವಿನ ಹೆಸರಿನಲ್ಲಿ ಕರೆಯುತ್ತಾನೆ, ಇಂಗರ್ ಶವಪೆಟ್ಟಿಗೆಯಿಂದ ಏಳುತ್ತಾಳೆ.

ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ನಿಂತ ಮೇಲೆ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಕೂಡಿ ಮಾಡುವ ಪ್ರಾರ್ಥನೆಯನ್ನು ಕಂಡವರಿಗೆ ದರ್ಜಿ ಪೀಟರ್ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಬಟ್ಟೆಯನ್ನು ನಂಬಿ ಬದುಕುವವನ ಬಿಗುಮಾನ, ಹಿರಿಯ ಸಭೆಯ ಸ್ಥಿತಿವಂತರು ತನ್ನನ್ನು ಕೀಳಾಗಿ ಕಂಡರೆಂಬ ನೋವು, ತನ್ನ ರಕ್ಷಣೆಯ ಬಗ್ಗೆ ಅವನಿಗಿರುವ ಖಚಿತತೆ, ಇವುಗಳನ್ನು ಮುಂಕರು ನಗೆಗೀಡು ಮಾಡುವುದಿಲ್ಲ. ಬೋರ್ಗೆನ್ನನ ಹರ್ಷದಲ್ಲಿ ಅಡಗಿದ ಜಮೀನ್ದಾರಿಕೆಯ ಗರ್ವವನ್ನೂ ಬಿಡುವುದಿಲ್ಲ. ಮೊದಲು ಅವನೇ ಈ ಸಂಬಂಧವನ್ನು ಬೇಡವೆಂದವನು. ದರ್ಜಿಯೂ ಬೇಡವೆಂದನೆಂದು ಕೇಳಿದ ಕೂಡಲೇ ಅವಮಾನದಿಂದ ಕೆರಳಿ, ಆ ಹುಡುಗಿಯನ್ನೇ ಮನೆತುಂಬಿಸಿಕೊಳ್ಳಲು ಹೊರಡುತ್ತಾನೆ! ಮತಭೇದದ ಬಟ್ಟೆ ತೊಟ್ಟು ಒಳಗೆ ಮಾನಾಪಮಾನಗಳು ಕುಳಿತಿರುವುದನ್ನು ಇಷ್ಟು ಸರಳವಾಗಿ ತೋರಿಸಿದ ದೃಶ್ಯ ಕ್ರೈಸ್ತ ನಾಟಕಗಳಲ್ಲಿ ಅಪರೂಪ. ಇಂಗರಳ ಸಾವಿನ ಮನೆಗೆ ಪೀಟರ್ ತಾನಾಗಿಯೇ ಮಗಳನ್ನು ಕರೆತರುತ್ತಾನೆ. ಇಬ್ಬರು ಹಿರಿಯರ ನಡುವಣ ಗೋಡೆ ಅದ್ಭುತ ನಡೆಯುವ ಮೊದಲೇ ಬಿದ್ದಿದೆ.

ಈ ನಾಟಕವನ್ನು ಓದುವ ಅನೇಕರು ಕೊನೆಯ ದೃಶ್ಯದ ಬಳಿ ಎರಡು ಪಂಗಡಗಳಾಗುತ್ತಾರೆ. ಅದ್ಭುತ ನಡೆದೀತೇ ಎಂದು ಒಂದು ಪಂಗಡ, ನಡೆದೇ ನಡೆದೀತು ಎಂದು ಇನ್ನೊಂದು. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಯಾರ ಬಾಯಿಂದ ಬಂದಾಗ ಆ ಮಾತು ಫಲಿಸಿತು? ಯೋಹಾನಸ್ ತಾನೇ ಕ್ರಿಸ್ತನೆಂದು ನಂಬಿದ್ದಾಗ ಒಮ್ಮೆ ಇಂಗರಳನ್ನು ಎಬ್ಬಿಸಲು ಮುಂದಾಗಿದ್ದನು. ಸೋತು ಕುಸಿದು ಬಿದ್ದನು. ಎರಡನೆಯ ಸಲ ಬಂದಾಗ ಅವನ ಭ್ರಮೆ ಬಿಟ್ಟಿದೆ. ತಾನು ಕ್ರಿಸ್ತನಲ್ಲವೆಂದು ಈಗ ಅವನು ಬಲ್ಲನು. ಅವನ ಹಿಂದೆ ಇರುವುದು ಇಂಗರಳ ಪುಟ್ಟ ಮಗಳ ನಂಬಿಕೆಯೊಂದೇ. ಬಲವಂತನೆಂದು ಭ್ರಮಿಸಿದವನ ನುಡಿ ಬರಿದಾಯಿತು. ಬರಿಗೈಯವನು ಇನ್ನೊಬ್ಬರ ಹೆಸರನ್ನು ಹಿಡಿದು ಆಡಿದ ನುಡಿ ಜೀವ ತಂದಿತು. ಬಲಹೀನತೆಯಲ್ಲಿಯೇ ದೇವರ ಬಲ ಪೂರ್ಣವಾಗುತ್ತದೆಂದು ಪೌಲನು ಕೊರಿಂಥದವರಿಗೆ ಬರೆದ ಅನುಭವ ಇಲ್ಲಿ ನಾಟಕವಾಗಿದೆ. ಆ ಕೂಸು ಮಾತ್ರ ಮರಳಿ ಬರುವುದಿಲ್ಲ ಎಂಬುದನ್ನೂ ನಾವು ಮರೆಯಬಾರದು. ಅದ್ಭುತ ನಡೆದ ಮನೆಯಲ್ಲಿಯೂ ಒಂದು ಸಾವು ಸಾವಾಗಿಯೇ ಉಳಿಯುತ್ತದೆ. ಸ್ವಸ್ಥತಾ ಕೂಟಗಳ ಭಿತ್ತಿಪತ್ರಗಳಲ್ಲಿ ಈ ಕೂಸಿಗೆ ಜಾಗವಿಲ್ಲ. ಮುಂಕರ ನಾಟಕದಲ್ಲಿ ಇದೆ.

ಇಷ್ಟನ್ನು ಕಂಡ ಲೇಖಕರು ಮುಂದಿನ ವರ್ಷಗಳಲ್ಲಿ ಸರ್ವಾಧಿಕಾರಿಗಳಿಗೆ ಮರುಳಾದದ್ದು ಹೇಗೆ? ಒಂದು ಉತ್ತರವೆಂದರೆ, ಪ್ರಸಂಗಪೀಠದ ಮೇಲಿನ ನಂಬಿಕೆಯನ್ನು ಅವರು ದಿನಪತ್ರಿಕೆಯ ಪುಟಕ್ಕೆ ಹೊಂದಿಸಿ ನೋಡಲಿಲ್ಲ. ದೇವರ ವಿಷಯದಲ್ಲಿ ತಿಳಿದದ್ದನ್ನು ದೇಶದ ವಿಷಯದಲ್ಲಿ ಮರೆತರು. ಚರ್ಚೆ, ಮತ, ರಾಜಿ ಎಂಬ ನಿಧಾನದ ದಾರಿಗಳು ಅವರಿಗೆ ಹೇಡಿತನವಾಗಿ ಕಂಡವು. ತ್ವರೆಯಿಂದ ಕಾರ್ಯಮಾಡುವ ಧೀರನೊಬ್ಬನು ನಾಡನ್ನು ಎಬ್ಬಿಸುವನೆಂದು ನಂಬಿದರು. ಎಂದರೆ, ಭ್ರಮೆಯಲ್ಲಿದ್ದ ಯೋಹಾನಸನನ್ನೇ ಅವರು ರಾಜಕಾರಣದಲ್ಲಿ ಹುಡುಕುತ್ತಿದ್ದರು.

ತಿರುವು ಬಂದದ್ದು 1938ರಲ್ಲಿ, ಯೆಹೂದ್ಯರ ಮೇಲಿನ ಹಿಂಸೆಯನ್ನು ಕಂಡಾಗ. ಆ ವರ್ಷದ ‘ಅವನು ಮೂಸೆಯ ಬಳಿ ಕುಳಿತಿದ್ದಾನೆ’ ನಾಟಕದ ಹೆಸರು ಮಲಾಕಿಯನ ಪ್ರವಾದನೆಯಲ್ಲಿ ಬೆಳ್ಳಿಯನ್ನು ಶೋಧಿಸುವ ಅಕ್ಕಸಾಲಿಗನ ಚಿತ್ರದಿಂದ ಬಂದದ್ದು. ಜರ್ಮನಿಯ ಪ್ರಾಧ್ಯಾಪಕನೊಬ್ಬನಿಗೆ ಹಳೆಯ ಮಡಕೆಯ ಚೂರುಗಳಲ್ಲಿ ಕ್ರಿಸ್ತನ ಮುಖವೊಂದು ದೊರೆಯುತ್ತದೆ; ಆ ಮುಖ ಯೆಹೂದ್ಯನದು. ಪ್ರಭುತ್ವಕ್ಕೆ ಬೇಕಾದದ್ದು ಆರ್ಯ ಕ್ರಿಸ್ತ. ಕೊನೆಗೆ ಪ್ರಾಧ್ಯಾಪಕನು ಆ ಚೂರನ್ನೇ ಒಡೆದು ಹಾಕುತ್ತಾನೆ. ಕ್ರಿಸ್ತನನ್ನು ಯಾರೂ ಮುಷ್ಟಿಯಲ್ಲಿ ಹಿಡಿಯಲಾಗದಂತೆ ಮಾಡುತ್ತಾನೆ. ಅದೇ ವರ್ಷದ ನವೆಂಬರಿನಲ್ಲಿ ಮುಂಕರು ಪತ್ರಿಕೆಯಲ್ಲಿ ಮುಸೊಲಿನಿಗೆ ಬಹಿರಂಗ ಪತ್ರ ಬರೆದು ಯೆಹೂದ್ಯರ ಹಿಂಸೆಯನ್ನು ನಿಲ್ಲಿಸಲು ಬೇಡಿದರು. ಇಲ್ಲಿ ಒಂದು ಕಹಿಯನ್ನು ಗುರುತಿಸಬೇಕು. ಒಬ್ಬ ಬಲಶಾಲಿಯ ಅನ್ಯಾಯದ ವಿರುದ್ಧ ಅವರು ಮೊರೆಯಿಟ್ಟದ್ದು ಇನ್ನೊಬ್ಬ ಬಲಶಾಲಿಯ ಬಾಗಿಲಿನಲ್ಲಿ. ಕಣ್ಣು ತೆರೆದಿತ್ತು, ಅಭ್ಯಾಸ ಬಿಟ್ಟಿರಲಿಲ್ಲ.

1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿತು. 1942ರಲ್ಲಿ ಮುಂಕರು ‘ನೀಲ್ಸ್ ಎಬ್ಬೆಸನ್’ ನಾಟಕವನ್ನು ಪ್ರಕಟಿಸಿದರು. ಪುಸ್ತಕವನ್ನು ಮುಟ್ಟುಗೋಲು ಹಾಕಲಾಯಿತು. ಜಟ್‌ಲೆಂಡನ್ನು ಹಿಡಿದಿದ್ದ ಜರ್ಮನ್ ಕೌಂಟ್ ಗೆರ್ಟನನ್ನು 1340ರಲ್ಲಿ ಕೊಂದ ಡೇನಿಷ್ ವೀರನ ಕಥೆಯಿದು. ಜನಪದ ಲಾವಣಿಗಳಲ್ಲಿ ಬದುಕಿ ಬಂದ ಕಥೆ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಬ್ರಿಟಿಷರಿಗೆ ಎದುರು ನಿಂತದ್ದು, ಊರು ಸುಟ್ಟದ್ದು, ಗಲ್ಲಿಗೇರಿದ್ದು ನಮ್ಮಲ್ಲಿ ಲಾವಣಿಯಾಗಿಯೇ ಉಳಿದಿದೆ. ಸೋತವರ ನೆನಪನ್ನು ಕಾಯುವ ಕೆಲಸ ದಫ್ತರಗಳಿಗಿಂತ ಹಾಡಿಗೆ ಚೆನ್ನಾಗಿ ಗೊತ್ತು. ಮುಂಕರ ಎಬ್ಬೆಸನ್ ಮೊದಲಿಗೆ ತನ್ನ ಹೊಲಮನೆಯ ಶಾಂತಿಯನ್ನೇ ಬಯಸುವವನು. ಅನ್ಯಾಯವೇ ಅವನನ್ನು ಎಳೆದು ತರುತ್ತದೆ. ನಾಟಕದ ಧೈರ್ಯವನ್ನು ಮೆಚ್ಚುತ್ತಲೇ ನಾವು ಒಂದು ಆಕ್ಷೇಪವನ್ನು ಹೇಳಬೇಕು: ಕತ್ತಿ ಕೈ ಬದಲಿಸಿದೆ, ಆದರೆ ಕತ್ತಿಯೇ ಕೊನೆಯ ಮಾತಾಗಿ ಉಳಿದಿದೆ. ಬಲಶಾಲಿ ಈಗ ನಮ್ಮ ಪಕ್ಷದವನು, ಅಷ್ಟೇ.

ಕತ್ತಿಯಿಲ್ಲದ ಮಾತು ಅವರಿಗೆ ದೊರೆತದ್ದು ರಂಗದ ಮೇಲಲ್ಲ, ಪ್ರಸಂಗಪೀಠದಲ್ಲಿ. 1943ರ ಅಕ್ಟೋಬರ್ ಆರಂಭದಲ್ಲಿ ಡೆನ್ಮಾರ್ಕಿನ ಬಿಷಪ್ಪರು ಯೆಹೂದ್ಯರ ಬೇಟೆಯನ್ನು ಖಂಡಿಸಿ ಬರೆದ ಪತ್ರವನ್ನು ದೇವಾಲಯಗಳಲ್ಲಿ ಓದಲಾಯಿತು. ಸಾಮಾನ್ಯ ಜನರು ಸಾವಿರಾರು ಯೆಹೂದ್ಯರನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಕರು ಆಕ್ರಮಣಕಾರರ ನಿಷೇಧವನ್ನು ಲೆಕ್ಕಿಸದೆ ಕೋಪನ್‌ಹೇಗನ್ನಿನ ಪ್ರಧಾನ ದೇವಾಲಯದಲ್ಲಿ ಪ್ರಸಂಗ ಮಾಡಿದರು. ಒಂದು ತಿಂಗಳಾಗುವಷ್ಟರಲ್ಲಿ ಕೊಲೆಗಾರರು ವೇದರ್ಸೋದ ಪಾಲಕನಿವಾಸದ ಬಾಗಿಲಿಗೆ ಬಂದರು. ಹೆಂಡತಿಯನ್ನೂ ಐವರು ಮಕ್ಕಳನ್ನೂ ಬಿಟ್ಟು ಅವರು ಹೊರಟರು. ಆಗ ಅವರ ಬಳಿ ಸೇನೆಯಿರಲಿಲ್ಲ, ಪಕ್ಷವಿರಲಿಲ್ಲ, ಬೇಡಿಕೊಳ್ಳಲು ಮುಸೊಲಿನಿಯೂ ಇರಲಿಲ್ಲ. 27ನೆಯ ವಯಸ್ಸಿನಲ್ಲಿ ಬರೆದ ಯೋಹಾನಸನ ಎರಡನೆಯ ಆಗಮನವನ್ನು ಅವರು ಸುಮಾರು 46ನೆಯ ವಯಸ್ಸಿನಲ್ಲಿ ಬಾಳಿದರು.

ಹಾಗೆಂದು ರಕ್ತಸಾಕ್ಷಿತ್ವವು ಹಿಂದಿನ ಬರಹಗಳನ್ನು ತೊಳೆದುಬಿಡುತ್ತದೆಂದು ನಾವು ಹೇಳಲಾರೆವು. ಬೊನ್‌ಹೋಫರ್ 1933ರಲ್ಲಿಯೇ ಕಂಡದ್ದನ್ನು ಮುಂಕರು ಐದು ವರ್ಷ ತಡವಾಗಿ ಕಂಡರು. ಆ ಐದು ವರ್ಷಗಳಲ್ಲಿ ಅವರ ಮಾತನ್ನು ನಂಬಿದ ಓದುಗರಿದ್ದರು. ಪ್ರಜಾಪ್ರಭುತ್ವದ ಬಗ್ಗೆ ಅವರ ತಾತ್ಸಾರ ಪೂರ್ತಿಯಾಗಿ ಹೋಗಲೂ ಇಲ್ಲ. ಸಭೆಯು ಅವರನ್ನು ಸ್ಮರಿಸುವಾಗ ಈ ಪುಟಗಳನ್ನು ಹರಿದು ಹಾಕಬಾರದು. ಪೇತ್ರನ ನಿರಾಕರಣೆಯನ್ನು ನಾಲ್ಕು ಸುವಾರ್ತೆಗಳೂ ಉಳಿಸಿಕೊಂಡಿವೆ. ಅವನ ಸಾವಿನ ವೈಭವಕ್ಕಾಗಿ ಕೋಳಿ ಕೂಗಿದ ರಾತ್ರಿಯನ್ನು ಯಾರೂ ಅಳಿಸಲಿಲ್ಲ. ಮುಂಕರಿಗೂ ಅದೇ ನ್ಯಾಯ ಸಲ್ಲಬೇಕು. ಅವರ ಬದುಕು ನಮಗೆ ಉಪಯುಕ್ತವಾಗುವುದು ಅದು ಕಳಂಕವಿಲ್ಲದ್ದೆಂಬ ಕಾರಣಕ್ಕಲ್ಲ. ತಿದ್ದಿಕೊಳ್ಳುವುದಕ್ಕೆ ಏನು ಬೆಲೆ ತೆರಬೇಕಾಗುತ್ತದೆಂಬುದನ್ನು ಅದು ಮುಚ್ಚಿಡದೆ ತೋರಿಸುತ್ತದೆ.

ಈಗ ನಮ್ಮ ಸೀಮೆಗೆ ಮರಳೋಣ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರಿದ್ದಾರೆ. ಬಲವುಳ್ಳವರ ಭರವಸೆಯ ಮಾತುಗಳನ್ನು ಅವರು ಬೇಕಾದಷ್ಟು ಕೇಳಿದ್ದಾರೆ. ಅಂಥವರ ನಡುವೆ ನಿಂತು ಇನ್ನೂ ದೊಡ್ಡ ಬಲದ ಹೆಸರಿನಲ್ಲಿ ಇನ್ನೂ ದೊಡ್ಡ ಭರವಸೆಯನ್ನು ಕೂಗಿ ಹೇಳುವುದು ಬೋಧಕನಿಗೆ ಸುಲಭ. ಜನ ಕೂಡಬಹುದು, ಧ್ವನಿವರ್ಧಕ ಕೆಲಸ ಮಾಡಬಹುದು. ಆದರೆ ಅದು ಯೋಹಾನಸನ ಮೊದಲ ಪ್ರಯತ್ನ. ಎರಡನೆಯದು ಹಿನ್ನೀರಿನ ದಂಡೆಯಲ್ಲಿ ಹಳೆಯ ಊರನ್ನು ತೋರಿಸುವ ಮುದುಕಿಯ ಪಕ್ಕದಲ್ಲಿ ಕುಳಿತು ಕೇಳುವುದರಿಂದ, ತನ್ನಲ್ಲಿ ಏನೂ ಇಲ್ಲವೆಂದು ಒಪ್ಪಿಕೊಳ್ಳುವುದರಿಂದ, ಆಮೇಲೆ ಇನ್ನೊಬ್ಬರ ಹೆಸರನ್ನು ಮೆಲ್ಲಗೆ ಹೇಳುವುದರಿಂದ ಆರಂಭವಾಗುತ್ತದೆ.

ಈ ನಾಟಕವನ್ನು ನಮ್ಮ ವಿದ್ಯಾರ್ಥಿಗಳು ಓದಲೆಂದು, ಸಾಧ್ಯವಾದರೆ ಕನ್ನಡದಲ್ಲಿ ಆಡಲೆಂದು ನಾವು ಬಯಸುತ್ತೇವೆ. ಆಡುವಾಗ ಕೊನೆಯ ದೃಶ್ಯಕ್ಕೆ ಬೆಳಕಿನ ಚಮತ್ಕಾರ ಬೇಡ, ಸಂಗೀತದ ಅಬ್ಬರವೂ ಬೇಡ. ದರ್ಜಿಯ ಮನೆಯವರೂ ರೈತನ ಮನೆಯವರೂ ಒಂದೇ ಕೋಣೆಯಲ್ಲಿ ಸುಮ್ಮನೆ ನಿಂತಿರಲಿ, ಚಿಕ್ಕ ಹುಡುಗಿ ಚಿಕ್ಕಪ್ಪನ ಕೈಹಿಡಿದಿರಲಿ. ಅಷ್ಟಿದ್ದರೆ ವಾಕ್ಯವು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದು.